ಹಂದಿ ಓಡಿಸುವ ಹೊತ್ತು

ಪ್ಲೆಸೆಂಟನ್ ಎಂಬ ಅಮೆರಿಕನ್ ಪಟ್ಟಣದಲ್ಲಿ ನಾನು ಇಳಿದುಕೊಂಡ ಮನೆಯ ಹಿತ್ತಿಲಲ್ಲಿ ಧಾರವಾಡದ ಹಸೀನಾ ಆಪಾ ಚಹಾ ಬಗ್ಗಿಸುತ್ತಿದ್ದರು. ಒಳಗೆ ಅವರ ಅಳಿಯ ಯಾವುದೋ ಡಾಟ್‌ಕಾಮ್ ಕಂಪನಿಯ ಶೇರು ಏರಿದ್ದನ್ನು ಫೋನಿನಲ್ಲಿ ಕೂಗಿ ಹೇಳುತ್ತಿದ್ದ. ಮೇಲೆ ಸಣ್ಣ ವಿಮಾನವೊಂದರ ಸದ್ದು ಕೇಳಿದ್ದೇ ತಡ, ಆಪಾ ಎದ್ದು ನಿಂತರು.

“ಹಂದಿ ಓಡಸ್ರಿ!” ಎಂದವರೇ ನಾಚಿ ನಕ್ಕರು.

ಡಾಕ್ಟರಾಗಿದ್ದ ಗಂಡನ ಜೊತೆ ಅವರು ಪಪುವಾದ ಬೆಟ್ಟದೂರೊಂದರಲ್ಲಿ ಹಲವು ವರ್ಷ ಇದ್ದವರು. ಅಲ್ಲಿಗೆ ರಸ್ತೆಯೇ ಇರಲಿಲ್ಲ. ಉಪ್ಪು, ಔಷಧಿ, ಕಾಗದ ಎಲ್ಲ ವಿಮಾನದಲ್ಲೇ ಬರಬೇಕು. ಅದು ಇಳಿಯುವ ಹುಲ್ಲಿನ ಬಯಲಲ್ಲೇ ಊರ ಹಂದಿಗಳು ಮೇಯುತ್ತಿದ್ದವು.

“ಸದ್ದು ಕೇಳಿದ್ರ ಸಾಕ್ರಿ, ಗೆಣಸು ಸುಡೋರು, ಕೂಸಿಗೆ ಹಾಲು ಕುಡಿಸೋರು, ಎಲ್ಲಾರೂ ಓಡೋದು. ಒಮ್ಮೆ ಒಂದು ಹಂದಿ ಉಳೀತು, ವಿಮಾನ ಹೊಳ್ಳಿ ಹೋತು. ನಮ್ಮ ಡಾಕ್ಟರ್ ಸಾಹೇಬ್ರೇ ಜ್ವರದಾಗ ಮಲಗಿದ್ರು, ಅವರ ಔಷಧಿ ಅದರಾಗಿತ್ತು. ಮರುದಿನ ವಿಮಾನ ಬರೋತನಕ ಇಡೀ ಊರು ಬಯಲು ಕಾಯ್ಕೊಂಡು ಅಲ್ಲೇ ಕುಂತಿತ್ರಿ.”

ಮೇಲಿನ ಸಣ್ಣ ವಿಮಾನದ ಸದ್ದು ಗುಡ್ಡದ ಕಡೆ ತಗ್ಗಿ ನಿಂತಿತು.

“ಇಳೀತ್ರಿ,” ಎಂದು ಆಪಾ ಕುಳಿತರು. ಆಮೇಲೆಯೇ ನಾವಿಬ್ಬರೂ ಆರಿದ ಚಹಾ ಕುಡಿದೆವು.