ತಲೆ ಬಗ್ಗಿಸಿ ನೋಡಿದ ವಿಶ್ವಕಪ್

ಕತಾರಿನ ವಿಶ್ವಕಪ್ಪಿನಲ್ಲಿ ಮೊರಾಕ್ಕೊ ತಂಡ ದೊಡ್ಡದೊಡ್ಡವರನ್ನೆಲ್ಲ ಉರುಳಿಸುತ್ತ ಹೋದದ್ದನ್ನು ಊರೆಲ್ಲ ಟೀವಿಯಲ್ಲಿ ಕಂಡಿತು. ನಾನು ಕಂಡದ್ದು ಕುಮಟೆಯ ನಮ್ಮ ಮನೆಯ ನೆಲದ ಟೈಲ್ಸನ್ನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ‘ತಲೆ ಎತ್ತಿ ಆಡ್ರೋ’ ಎಂದು ಮಕ್ಕಳ ಮೇಲೆ ಗಂಟಲು ಹರಿದುಕೊಂಡವನಿಗೆ ದೇವರು ಇಂಥ ಶಿಕ್ಷೆ ಕೊಡಬಾರದಿತ್ತು.

ಮೊರಾಕ್ಕೊದವರು ಕೆನಡಾವನ್ನು ಸೋಲಿಸಿದ ಮಾರನೆಯ ಬೆಳಿಗ್ಗೆ ನನ್ನ ಬಲಗಣ್ಣಿನ ಬದಿಯಿಂದ ಒಂದು ಕಪ್ಪು ಪರದೆ ಇಳಿಯತೊಡಗಿತು. ಎಡಗಣ್ಣು ಹುಟ್ಟಿನಿಂದಲೇ ಮಂದ. ಅದಕ್ಕೆ ಆಳು ಕಾಣುತ್ತದೆ, ಮುಖ ಕಾಣುವುದಿಲ್ಲ. ಪೇಪರ್ ಓದುವುದು, ಸ್ಕೂಟರ್ ಬಿಡುವುದು, ಮೀನೋ ಮುಳ್ಳೋ ಎಂದು ಸಹೋದ್ಯೋಗಿಯ ತಟ್ಟೆ ನೋಡಿ ತಮಾಷೆ ಮಾಡುವುದು, ಎಲ್ಲ ಬಲಗಣ್ಣಿನದೇ ಕೆಲಸ. ಮಂಗಳೂರಿನ ಡಾಕ್ಟರು ಕಣ್ಣಿನ ಹಿಂಭಾಗದ ಪರೆ ಕಿತ್ತು ಬಂದಿದೆ ಎಂದರು, ಮರುದಿನವೇ ಆಪರೇಷನ್ ಮಾಡಿದರು. ಕಣ್ಣಿನೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೆ ಏಳುತ್ತದಲ್ಲ. ನಾನು ಮುಖ ಕೆಳಗೆ ಹಾಕಿಕೊಂಡಿದ್ದರೆ ಅದು ಆ ಪರೆಯನ್ನು ಹಿಂದಿನ ಗೋಡೆಗೆ ಒತ್ತಿ ಹಿಡಿಯುತ್ತದಂತೆ. ಹನ್ನೆರಡು ದಿನ, ಉಣ್ಣುವಾಗಲೂ ಮಲಗುವಾಗಲೂ, ತಲೆ ಎತ್ತುವಂತಿಲ್ಲ. ಅಂಟಿದರೆ ಅಂಟಿತು, ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ ಎಂದು ಡಾಕ್ಟರು ನಮ್ಮಿಬ್ಬರೆದುರೇ ಹೇಳಿದರು.

ಹೆಂಡತಿ ರಜೆ ಹಾಕಿದಳು. ಅವಳು ಕತಗಾಲದ ಕಡೆಯ ಹೆಣ್ಣು. ಹೊನ್ನಾವರದಲ್ಲಿ ಕೋರ್ಟಿನ ಟೈಪಿಸ್ಟ್. ಸಾಕ್ಷಿಗಳು ಹೇಳಿದ್ದನ್ನು ಇದ್ದ ಹಾಗೆ ಬಡಿದು ಬಡಿದು ಅವಳ ಸ್ವಭಾವವೂ ಹಾಗೇ ಆಗಿಬಿಟ್ಟಿದೆ. ಕಂಡದ್ದನ್ನು ಹೇಳುತ್ತಾಳೆ, ಕಾಣದ್ದನ್ನು ಜಪ್ಪಯ್ಯ ಅಂದರೂ ಹೇಳುವುದಿಲ್ಲ. ಹೊರಕೋಣೆಯಲ್ಲಿ ಮಂಚ ಹಾಕಿಸಿ, ಹಳೆಯ ಸ್ಕೂಟರಿನ ಟ್ಯೂಬಿಗೆ ಟವೆಲ್ ಸುತ್ತಿ, ಮಂಚದ ಅಂಚಿಗೆ ನೆಲ ಕಾಣುವಂತೆ ಇಟ್ಟು, ಅದರ ನಡುವೆ ನನ್ನ ಮುಖ ಇಡಿಸಿದಳು. ನಾನು ಸ್ಟ್ರಾ ಹಾಕಿಕೊಂಡು ಚಾ ಕುಡಿಯುತ್ತಿದ್ದೆ. ಎರಡನೇ ದಿನಕ್ಕೇ ಕುತ್ತಿಗೆ ಉರಿಯತೊಡಗಿ, ಬಾಯಿಗೆ ಬಂದದ್ದನ್ನೆಲ್ಲ ಬೈಯಲು ಶುರುಮಾಡಿದೆ. ಅವಳು ತಿರುಗಿ ಬೈಯಲಿಲ್ಲ. ಸ್ಪೇನಿನ ಮೇಲಿನ ಆಟದ ಹೊತ್ತಿಗೆ ಟೀವಿ ಹಾಕಿ, “ನೀವು ನೆಲ ನೋಡಿ, ಆನು ಆಟ ನೋಡಿ ಹೇಳ್ತೆ” ಎಂದಳು.

ಅಯ್ಯೋ ಆ ವೀಕ್ಷಕ ವಿವರಣೆ! ಫುಟ್ಬಾಲಿನಲ್ಲಿ ಒಂದು ಕಡೆಗೆ ಎಷ್ಟು ಜನ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

“ಎಂತ ಆಗ್ತಾ ಇದ್ದೇ?”

“ಕೆಂಪಂಗಿಯವು ಎಲ್ಲ ಹಿಂದೆ ಬಂದು ನಿಂತಿದ್ದ. ಬೇರೆಯವು ಚೆಂಡು ಅವಕ್ಕೆ ಅವೇ ಕೊಟ್ಕತ್ತಾ ಇದ್ದ.”

“ಮೊರಾಕ್ಕೊ ಹೆದರಿದ್ದಾ?”

“ಹೆದರಿಕೆ ಕಾಣ್ತಿಲ್ಲೆ. ನಿಂತಿದ್ದು ಕಾಣ್ತು.”

ಸಿಟ್ಟು ಬಂತು. ಆದರೆ ಅರ್ಧ ಗಂಟೆ ಕಳೆಯುವುದರೊಳಗೆ ಆ ತಂಡ ನನ್ನ ತಲೆಯೊಳಗೆ ಸ್ಪಷ್ಟವಾಗಿ ನಿಂತಿತ್ತು. ಯಾರೂ ಜಾಗ ಬಿಡುವುದಿಲ್ಲ, ಯಾರೂ ಗಡಿಬಿಡಿ ಮಾಡುವುದಿಲ್ಲ. ಅಲ್ಲಿಯ ತನಕ ಎದುರಾಳಿ ಒಬ್ಬನೂ ಅವರ ಬಲೆಗೆ ಚೆಂಡು ಹಾಕಿರಲಿಲ್ಲ. ಬಿದ್ದ ಒಂದೇ ಒಂದು ಗೋಲು ತಮ್ಮವನದೇ ಕಾಲಿಗೆ ತಾಗಿ ಒಳಗೆ ಹೋದದ್ದು. ತಾಳ್ಮೆಯೂ ಒಂದು ಆಟವೇ ಎಂದು ನಾನು ಮಕ್ಕಳಿಗೆ ಹೇಳಿದ್ದುಂಟು, ಸ್ವತಃ ಪಾಲಿಸಿದ್ದಿಲ್ಲ. ಇವರು ಅದನ್ನು ಆಡಿ ತೋರಿಸುತ್ತಿದ್ದರು.

ಗೋಲಿಲ್ಲದೆ ಆಟ ಮುಗಿದು ಪೆನಾಲ್ಟಿ ಒದೆತಕ್ಕೆ ಬಂತು. ಅಷ್ಟರಲ್ಲಿ ಫೋನ್ ಬಂತು. ಭಟ್ಕಳದ ಗೆಳೆಯ, ಬಟ್ಟೆ ವ್ಯಾಪಾರಿ, ನನ್ನ ಜೊತೆ ಎಷ್ಟೋ ಟೂರ್ನಮೆಂಟಿಗೆ ರೆಫರಿಯಾಗಿ ಸೀಟಿ ಊದಿದವನು. ದೋಹಾದಲ್ಲಿರುವ ಮಗಳ ಮನೆಗೆ ಹೋದವನು ಆ ದಿನ ಸ್ಟೇಡಿಯಮ್ಮಿನಲ್ಲೇ ಕೂತಿದ್ದ. “ಮಾಸ್ತರೇ, ಫೋನ್ ಇಡ್ಬೇಡಿ, ನೀವೂ ಇಲ್ಲೇ ಇದ್ದೀರಿ ಅಂತ ಲೆಕ್ಕ” ಎಂದ. ಹೆಂಡತಿ ಫೋನಿನ ಸ್ಪೀಕರ್ ಹಾಕಿ ನನ್ನ ಮುಖದ ಕೆಳಗೆ ನೆಲದ ಮೇಲಿಟ್ಟಳು.

ಎಡವಟ್ಟಾದದ್ದು ಅಲ್ಲೇ. ಅಲ್ಲಿ ನಡೆದದ್ದು ಟೀವಿಗೆ ಬರುವುದಕ್ಕೆ ಸ್ವಲ್ಪ ಹೊತ್ತು ಬೇಕು, ಫೋನಿಗೆ ಆ ತಡವಿಲ್ಲ. ಸ್ಪೇನಿನವನ ಮೊದಲ ಒದೆತಕ್ಕೆ ಫೋನಿನಲ್ಲಿ ಸ್ಟೇಡಿಯಂ ಗರ್ಜಿಸಿತು.

“ಎಂತ ಆತೇ?”

“ಅವ ಇನ್ನೂ ಒದ್ದಿದ್ದೇ ಇಲ್ಲೆ. ಎಂತ ಆಗ್ತು?” ಎಂದಳು. ಆಮೇಲೆ, “ಹಾಂ. ಕಂಬಕ್ಕೆ ಬಡತ್ತು.”

ಎರಡನೆಯದಕ್ಕೂ ಹಾಗೇ. “ಕೆಂಪಂಗಿಯವರ ಗೋಲಿ, ಆ ಗೋಲು ಕಾಯವ, ಹಾರ್ತಾನೇ ಇಲ್ಲೆ. ನಗ್ತಾ ನಿಂತಿದ್ದ. ಅವ ಒದ್ದ ಮೇಲೇ ಹಾರ್ದ. ತಡದ!” ಮೊದಲು ಹಾರುವವನು ಮೊದಲು ಸೋಲುತ್ತಾನೆ, ಒದೆಯುವವನ ಕಾಲು ನೋಡು ಎಂದು ಮೂವತ್ತು ವರ್ಷ ಹೇಳಿದ್ದೇನೆ. ಒಬ್ಬ ಗೋಲಿಯೂ ಕೇಳಿರಲಿಲ್ಲ. ಜಗತ್ತೇ ನೋಡುತ್ತಿರುವಾಗ ಇವನೊಬ್ಬ ಕಾದು ನಿಂತಿದ್ದಾನೆ! ಮೂರನೆಯದನ್ನೂ ತಡೆದ. ನಡುವೆ ಮೊರಾಕ್ಕೊದವನೊಬ್ಬನ ಒದೆತವೂ ವ್ಯರ್ಥವಾಗಿತ್ತು. ಈಗ ಮೊರಾಕ್ಕೊ ಇನ್ನೊಂದು ಹಾಕಿದರೆ ಆಟ ಮುಗಿಯಿತು.

ಫೋನು ಸಿಡಿಯಿತು. ಅದು ಕುಣಿತವೋ ಗೋಳೋ ತಿಳಿಯಲಿಲ್ಲ. ಗೆಳೆಯ ಗೊಳೋ ಎಂದು ಅಳುತ್ತಿದ್ದ. ಅರವತ್ತರ ಗಂಡಸು ಹಾಗೆ ಅತ್ತದ್ದನ್ನು ಕೇಳಿ ನಾನು ತಲೆ ಎತ್ತಿಬಿಟ್ಟೆ.

ಎಡಗಣ್ಣಿಗೆ ಟೀವಿ ಒಂದು ಹಸಿರು ಚೌಕ, ಅದರಲ್ಲಿ ಒಂದು ಕೆಂಪು ಚುಕ್ಕೆ. ಅಷ್ಟೇ. “ತಲೆ ಎತ್ತಡಿ!” ಎಂದು ಕಿರುಚಿ ಅವಳು ಎರಡೂ ಕೈಯಿಂದ ನನ್ನ ತಲೆಯನ್ನು ಟ್ಯೂಬಿಗೆ ಒತ್ತಿದಳು.

“ಗೆದ್ದ್ವಾ?” ಟೈಲ್ಸಿಗೆ ಕೇಳಿದೆ.

“ಗೊತ್ತಿಲ್ಲೆ. ಆನು ನಿಮ್ಮನ್ನೇ ನೋಡ್ತಾ ಇದ್ದಿದ್ದಿ.”

ಆ ಕೊನೆಯ ಒದೆತ ಹೇಗಿತ್ತೆಂದು ಇಬ್ಬರಿಗೂ ತಿಳಿದದ್ದು ಆಮೇಲೆ ಮತ್ತೆ ತೋರಿಸಿದಾಗ. ಎದುರು ಗೋಲಿ ಬದಿಗೆ ಬಿದ್ದಿದ್ದಾನೆ, ಇವನು ನಡುವಿಗೆ ಮೆಲ್ಲಗೆ ಚೆಂಡು ಎತ್ತಿ ಹಾಕಿದ್ದಾನೆ. ಅಂಥ ಹೊತ್ತಿನಲ್ಲಿ ಅಷ್ಟು ಹಗುರ ಕಾಲು ಯಾರಿಗೆ ಬರುತ್ತದೆ! ಆದರೆ ಸಂತೋಷಪಡುವ ಸ್ಥಿತಿಯಲ್ಲಿ ನಾವಿರಲಿಲ್ಲ. ಕಣ್ಣನ್ನು ನಾನೇ ಹಾಳುಮಾಡಿಕೊಂಡೆನೇ ಎಂಬ ಹುಳ ತಲೆಗೆ ಹೊಕ್ಕಿತು. ಡಾಕ್ಟರಿಗೆ ಹೇಳಬೇಡ ಮಾರಾಯ್ತಿ ಎಂದು ಅಂಗಲಾಚಿದೆ. ಅವಳು ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲೂ ಇಲ್ಲ.

ಪೋರ್ಚುಗಲ್ ಮೇಲಿನ ಆಟಕ್ಕೆ ಅವಳು ಸ್ಟೂಲನ್ನು ಮಂಚಕ್ಕೆ ತಾಗಿಸಿ ಕೂತು, ನನ್ನ ಕುತ್ತಿಗೆಯ ಮೇಲೆ ಅಂಗೈ ಇಟ್ಟಳು. ಫೋನು ಬಂದ್. ಮೊರಾಕ್ಕೊ ಗೋಲು ಹಾಕಿದಾಗ ಅವಳ ಬೆರಳು ಬಿಗಿಯಾದದ್ದು ಮೊದಲು ಗೊತ್ತಾಯಿತು, ಮಾತು ಆಮೇಲೆ. “ಒಬ್ಬ ಹಾರ್ದ. ಅವನ ತಲೆ ಆ ಗೋಲಿಯ ಕೈಗಿಂತ ಮೇಲೆ ಹೋತು.” ಮುಂದೆ ಮೊರಾಕ್ಕೊದ ನಾಯಕನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಕೊನೆಯಲ್ಲಿ ಒಬ್ಬನಿಗೆ ಕೆಂಪು ಕಾರ್ಡು. ಆದರೂ ಬಿಟ್ಟುಕೊಡಲಿಲ್ಲ, ಹೋದವನ ಜಾಗಕ್ಕೆ ಬಂದವನು ಅಲ್ಲೇ ಹುಟ್ಟಿ ಬೆಳೆದವನ ಹಾಗೆ ನಿಂತುಬಿಡುತ್ತಿದ್ದ. ಆಫ್ರಿಕಾದ ತಂಡವೊಂದು ಮೊದಲ ಸಲ ಸೆಮಿಫೈನಲಿಗೆ ಬಂತು. ಆಟ ಮುಗಿದ ಮೇಲೆ ಹೆಂಡತಿಯ ಬೆರಳು ಮತ್ತೆ ಬಿಗಿಯಾಯಿತು. ಯಾಕೆಂದು ಕೇಳಿದೆ. “ಒಬ್ಬ ಅಮ್ಮನ್ನ ಕರ್ಕಂಬಂದು ಮೈದಾನದಲ್ಲಿ ಕುಣಿತಾ ಇದ್ದ” ಎಂದಳು.

ಗೆಳೆಯ ಮರುದಿನ ಫೋನಿನಲ್ಲಿ ಹೇಳಿದ: “ಮಾಸ್ತರೇ, ಇವ್ರಲ್ಲಿ ಅರ್ಧಕ್ಕಿಂತ ಹೆಚ್ಚಿನವ್ರು ಹುಟ್ಟಿದ್ದು ಪರದೇಶದಲ್ಲಿ. ಅಪ್ಪ ಅಮ್ಮ ದುಡಿಯೋಕೆ ಹೋದಲ್ಲಿ. ಆದ್ರೂ ಆಡೋದು ಅಮ್ಮನ ಊರಿಗೆ.” ಮೂವರು ಮೊಮ್ಮಕ್ಕಳನ್ನು ದೋಹಾದಲ್ಲಿ ಎತ್ತಿ ಆಡಿಸುತ್ತಿದ್ದವನ ಮಾತು, ನಾನು ತಮಾಷೆ ಮಾಡಲಿಲ್ಲ.

ಫ್ರಾನ್ಸ್ ಮೇಲಿನ ಸೆಮಿಫೈನಲನ್ನು ನಾನು ಮಾತ್ರೆಯ ಮಂಪರಿನಲ್ಲಿ ಕಳೆದುಕೊಂಡೆ. ಅವಳೊಬ್ಬಳೇ ಕೂತು ನೋಡಿದ್ದಳು. ಬೆಳಿಗ್ಗೆ ಮಂಗಳೂರಿಗೆ ಹೊರಟ ಕಾರಿನಲ್ಲಿ, ನಾನು ಮುಂದಿನ ಸೀಟಿನ ಬೆನ್ನಿಗೆ ಹಣೆ ಕೊಟ್ಟು ಕೂತ ಮೇಲೆ, “ಸೋಲಾತು. ಎರಡು, ಸೊನ್ನೆ” ಎಂದಳು. ಆಮೇಲೆ ಒಂದೂ ಬಿಡದೆ ಹೇಳುತ್ತ ಬಂದಳು. ಶುರುವಿನಲ್ಲೇ ಗೋಲು ಬಿತ್ತು. ಗಾಯದ ನಾಯಕ ಮತ್ತೆ ಆಡಲು ಬಂದು, ಆಗದೆ ಹೊರನಡೆದ. ಚಕ್ರದಡಿ ಸೇತುವೆ ದಡದಡ ಎಂದಾಗ ಹೊನ್ನಾವರ ಬಂತೆಂದು ತಿಳಿಯಿತು. ಅಲ್ಲಿಗೆ ಅವಳ ವರದಿಯಲ್ಲಿ ಮೊರಾಕ್ಕೊದವನೊಬ್ಬ ಗೋಲಿಗೆ ಬೆನ್ನು ಹಾಕಿ ಗಾಳಿಯಲ್ಲಿ ಒದ್ದ ಚೆಂಡು ಕಂಬಕ್ಕೆ ತಾಗಿತ್ತು. ಭಟ್ಕಳದ ಗದ್ದಲ ಕಿವಿಗೆ ಬೀಳುವಾಗ ಎರಡನೇ ಗೋಲು. “ಎರಡಾದ ಮೇಲೂ ಅವು ಆಡ್ತಾನೇ ಇದ್ದಿದ್ದ” ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಡಾಕ್ಟರು ನನ್ನ ಗದ್ದ ಹಿಡಿದು ತಲೆ ಎತ್ತಿಸಿ ದೀಪ ಬಿಡುವುದಕ್ಕೂ, ಅವಳು ಸಾಕ್ಷಿ ಹೇಳುವುದಕ್ಕೂ ಸರಿಹೋಯಿತು: “ಡಾಕ್ಟ್ರೇ, ಕಳೆದ ಮಂಗಳವಾರದ ಹಿಂದಿನ ಮಂಗಳವಾರ ಇವರು ಒಂದ್ಸಲ ತಲೆ ಎತ್ತಿದ್ದಾರೆ.” ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಅವರು ಬಹಳ ಹೊತ್ತು ನೋಡಿದರು. “ಅಷ್ಟಕ್ಕೆಲ್ಲ ಏನೂ ಆಗುವುದಿಲ್ಲಮ್ಮ. ಅಂಟಿದೆ. ಚೆನ್ನಾಗಿ ಅಂಟಿದೆ” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವಳು ಮುಂದಿನ ಹನಿಮದ್ದಿನ ಸಮಯ ಬರೆದುಕೊಳ್ಳುತ್ತಿದ್ದಳು.

ಶನಿವಾರ ಮೂರನೇ ಸ್ಥಾನದ ಆಟ, ಕ್ರೊವೇಷಿಯಾದ ಮೇಲೆ. ನಾನು ಮನುಷ್ಯರ ಹಾಗೆ ಕುರ್ಚಿಯಲ್ಲಿ ಕೂತೆ. ಗುಳ್ಳೆ ಇನ್ನೂ ಪೂರ್ತಿ ಕರಗಿರಲಿಲ್ಲ. ಬಲಗಣ್ಣಿಗೆ ಮೇಲಿನರ್ಧ ತಿಳಿ, ಕೆಳಗಿನರ್ಧ ಅಲುಗಾಟ. ಪ್ರೇಕ್ಷಕರು ಕಂಡರೆ ಚೆಂಡು ಕಾಣದು. ಆದರೂ ಆ ಗೋಲಿಯ ಮುಖ ಕಂಡಿತು, ಸಾಕಾಗಿತ್ತು. ಬಾರೇ ಎಂದು ಕರೆದೆ. ಅವಳು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

“ಎನ್ನ ಹತ್ರ ನೋಡಲೆ ಆಗ್ತಿಲ್ಲೆ. ನೀವೇ ನೋಡಿ ಹೇಳಿ.”

ಹೇಳಿದೆ. ಒಂದು ಬಿತ್ತು, ಒಂದು ಹಾಕಿದರು, ಮತ್ತೊಂದು ಬಿತ್ತು. ಪಾತ್ರೆಯ ಸದ್ದು ನಿಂತುಹೋಗಿತ್ತು. ಕೊನೆಯ ಸೀಟಿ ಆದ ಮೇಲೆ, ಸೋತರು ಎಂದೆ. ಅವಳು ಬಾಗಿಲಿಗೆ ಬಂದು, ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗು ಬಾಯಿಗೊತ್ತಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಷ್ಟೂ ದಿನ ಒಂದು ಹನಿ ಹಾಕದವಳು.

“ಮೂರನೇ ಸ್ಥಾನಕ್ಕೆ ಯಾರಾದ್ರೂ ಇಷ್ಟು ಅಳ್ತ್ವನೇ?”

“ನಿಮ್ಮ ಕಣ್ಣು ಹೋಗಿದ್ರೆ ಆನು ಎಂತ ಮಾಡವಾಗಿತ್ತು?” ಎಂದಳು.

ನಾನು ಟೀವಿ ಆರಿಸಿ, ಹೊಸ್ತಿಲಲ್ಲಿ ಅವಳ ಪಕ್ಕ ಕೂತೆ.