ಟೈಮ್‌ಟೇಬಲ್ ಟೀಚರ್ ತೂಕ ಇಳಿಸಲು ಹೊರಟದ್ದು

ಆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಟೈಮ್‌ಟೇಬಲ್ ಟೀಚರ್ ಎಂದೇ. ನಲವತ್ತೆರಡು ಮೇಷ್ಟ್ರುಗಳು, ಇಪ್ಪತ್ತಾರು ತರಗತಿಗಳು, ಒಂದು ಪ್ರಯೋಗಾಲಯ, ಒಂದೇ ಮೈದಾನ. ಇಷ್ಟನ್ನೂ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಒಂದು ಹಾಳೆಯ ಮೇಲೆ ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಹದಿನಾಲ್ಕು ವರ್ಷದಲ್ಲಿ ಒಂದೂ ತಪ್ಪು ಬಂದಿರಲಿಲ್ಲ.

ಆ ವರ್ಷ ಸ್ಟಾಫ್ ರೂಮಿಗೆ ಕೈಯಿರುವ ಹೊಸ ಕುರ್ಚಿಗಳು ಬಂದವು. ಮೂರನೇ ಪಿರಿಯಡ್ಡಿನ ಗಂಟೆ ಹೊಡೆದಾಗ ಟೀಚರ್ ಎದ್ದರು. ಕುರ್ಚಿಯೂ ಎದ್ದಿತು. ಇತಿಹಾಸದ ಮೇಷ್ಟ್ರು ಕನ್ನಡಕ ತೆಗೆದು ನೋಡಿ, ಬಹಳ ಮೆಲ್ಲಗೆ, "ಮೇಡಂ, ಅದು ಸ್ಕೂಲಿನ ಆಸ್ತಿ. ಹೊರಗಡೆ ತಗೊಂಡು ಹೋಗೋ ಹಾಗಿಲ್ಲ" ಎಂದರು.

ಎಲ್ಲರೂ ನಕ್ಕರು. ಟೀಚರೂ ನಕ್ಕರು. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ ಅವರಿಗೆ ನಗು ಬರಲಿಲ್ಲ. ನಲವತ್ತೆರಡು ಜನರನ್ನು ಹದ್ದುಬಸ್ತಿನಲ್ಲಿ ಇಟ್ಟವಳಿಗೆ ತನ್ನೊಂದು ಮೈಯನ್ನು ಇಡಲಾಗುವುದಿಲ್ಲವೇ?

ಅಂದೇ ಊಟದ ಮೇಜಿನ ಮೇಲೆ ಸ್ಕೇಲು, ನಾಲ್ಕು ಬಣ್ಣದ ಪೆನ್ಸಿಲ್ಲು ಹರಡಿ ಕೂತರು. ನಡಿಗೆಗೆ ಹಸಿರು, ಊಟಕ್ಕೆ ನೀಲಿ, ವ್ಯಾಯಾಮಕ್ಕೆ ಹಳದಿ, ಮುಟ್ಟಬಾರದ್ದಕ್ಕೆ ಕೆಂಪು. ಯೋಜನೆ ಮುಗಿಯಲು ಹನ್ನೊಂದು ದಿನ ಬೇಕಾಯಿತು. ಯೋಚನೆ ಮಾಡುವಾಗ ಅವರಿಗೆ ಬಾಯಾಡಿಸಲು ಏನಾದರೂ ಬೇಕು. ಹೀಗಾಗಿ ಬಿಸ್ಕತ್ತಿನ ಡಬ್ಬಿಯೂ ಮೇಜಿನ ಮೇಲೆಯೇ ಇತ್ತು. ಕೊನೆಯ ದಿನ ತೂಕದ ಯಂತ್ರ ಹತ್ತಿ ನೋಡಿದರೆ ಒಂದೂಕಾಲು ಕಿಲೋ ಏರಿತ್ತು.

ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಪಾರ್ಸೆಲ್ ತೂಗುವ ಗಂಡ ಇಣುಕಿ ನೋಡಿ, "ಕೈಯಲ್ಲಿ ಹಾಳೆ ಹಿಡ್ಕೊಂಡಿದೀಯಲ್ಲ, ಅದರ ಭಾರವೂ ಸೇರಿರುತ್ತೆ" ಎಂದು ಸಮಾಧಾನ ಹೇಳಿದರು. ಆ ಸಮಾಧಾನದ ತಪ್ಪಿಗೆ ಗಂಡನಿಗೆ ಎರಡು ದಿನ ಹೆಂಡತಿಯಿಂದ ಸರಿಯಾಗಿ ಮಾತು ಸಿಗಲಿಲ್ಲ.

ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಮನೆಯಲ್ಲಿದ್ದ ಇನ್ನೊಬ್ಬರೆಂದರೆ ಅತ್ತೆ. ವಯಸ್ಸು ಎಪ್ಪತ್ತೊಂದು, ಎರಡೂ ಮಂಡಿ ನೋವು. ಹತ್ತೊಂಬತ್ತು ವರ್ಷದಿಂದ ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿದ್ದರೂ ಅವರ ಮಾತು ಉಪ್ಪು, ಗ್ಯಾಸು, ಹಾಲಿನಾಚೆ ಹೋದದ್ದಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು.

"ಇದ್ರಲ್ಲಿ ಊಟ ಎಲ್ಲಿದೆ?"

"ನೀಲಿ ಬಣ್ಣದ್ದು, ಅತ್ತೆ."

"ಅದೇ ಕೇಳ್ತಿರೋದು. ನೀಲಿ ಎಲ್ಲಿದೆ?"

ನೀಲಿ ನಿಜಕ್ಕೂ ಕಡಿಮೆಯೇ ಇತ್ತು. ಬೆಳಿಗ್ಗೆ ಒಂದು ಚೂರು ಬ್ರೆಡ್ಡು, ಹತ್ತೂ ನಲವತ್ತಕ್ಕೆ ಅರ್ಧ ಸೇಬು, ಮಧ್ಯಾಹ್ನ ಬೇಯಿಸಿದ ತರಕಾರಿ, ಸಂಜೆ ಸೌತೆಕಾಯಿ.

ಬೆಳಗಿನ ಐದೂವರೆಗೆ ನಡಿಗೆ ಶುರುವಾಯಿತು. ಮೂರು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಆದರೆ ರಸ್ತೆಯ ತಿರುವಿನಲ್ಲೊಂದು ಬೇಕರಿ. ಅದರ ಷಟರ್ ಮೇಲೇಳುವುದೂ ಅದೇ ಹೊತ್ತಿಗೆ. ನಾಲ್ಕನೇ ದಿನ ಟೀಚರ್ ಬಿಸಿ ಬನ್ನಿನ ವಾಸನೆ ಹಿಡಿದು ಸೀದಾ ಒಳಗೆ ಹೋದರು. ಅಲ್ಲೇ ನಲವತ್ತು ನಿಮಿಷ ಕಳೆದು, ಮುಖ ತೊಳೆದುಕೊಂಡು ಮನೆಗೆ ಬಂದರು.

ಬಾಗಿಲು ತೆಗೆದ ಅತ್ತೆ ಮೂಗು ಅರಳಿಸಿದರು. "ಮೈ ಬೆವತೇ ಇಲ್ಲ. ಬಾಯಿ ಮಾತ್ರ ಬೆಣ್ಣೆ ಬೆಣ್ಣೆ ಅಂತಿದೆ."

ಮರುದಿನ ಟೀಚರ್ ಬಾಗಿಲಿಗೆ ಬರುವಷ್ಟರಲ್ಲಿ ತೀರಿಕೊಂಡಿದ್ದ ಮಾವನವರ ಕ್ಯಾನ್ವಾಸ್ ಬೂಟಿನೊಳಗೆ ಬಟ್ಟೆ ತುರುಕಿ, ಹಾಕಿಕೊಂಡು ಅತ್ತೆ ನಿಂತಿದ್ದರು.

"ನಿಮ್ಮ ಮಂಡಿ, ಅತ್ತೆ?"

"ಮಂಡಿ ಮನೇಲಿದ್ರೂ ನೋಯುತ್ತೆ. ನಡಿ."

ಮೊದಲ ವಾರ ಆಮೆ ನಡಿಗೆ. ಅತ್ತೆ ಸಿಕ್ಕಸಿಕ್ಕವರನ್ನೆಲ್ಲ ಮಾತಾಡಿಸುವರು. ಬೇಕರಿ ಬಂದಾಗ ಮಾತ್ರ ಸೊಸೆಯ ಮೊಣಕೈ ಹಿಡಿದು, ರಸ್ತೆ ದಾಟಿಸುವ ಪೊಲೀಸಿನಂತೆ ಸರಸರ ಎಳೆದೊಯ್ಯುವರು. ಎರಡನೇ ವಾರಕ್ಕೆ ಅವರೇ ಮುಂದೆ, ಸೊಸೆ ಏದುಸಿರು ಬಿಡುತ್ತ ಹಿಂದೆ. ಒಂದು ದಿನ ಟೀಚರ್ ಹಾಸಿಗೆಯಿಂದಲೇ, "ಇವತ್ತು ಬೇಡ ಅತ್ತೆ, ಪೇಪರ್ ತಿದ್ದೋದಿದೆ" ಎಂದು ಕೂಗಿದರು.

"ಪೇಪರ್ ತಿದ್ದೋದು ಕೈ. ನಡಿಯೋದು ಕಾಲು. ಏಳು."

ನಡಿಗೆಯೇನೋ ಹೀಗೆ ಸಾಗಿತು. ಆದರೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡ ಟೀಚರಿಗೆ ಕರಿಹಲಗೆಯ ಮೇಲೆ ವೃತ್ತ ಎಳೆದರೆ ಬನ್ನು ಕಾಣುತ್ತಿತ್ತು. ತ್ರಿಜ್ಯ ಎಳೆದರೆ ಅದನ್ನು ಕತ್ತರಿಸುವ ಚಾಕು. ಇಂಥ ಸ್ಥಿತಿಯಲ್ಲಿಯೇ ಅವರು ಹೊಸ ಅವಧಿಯ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರು.

ಸೋಮವಾರ ಎರಡನೇ ಪಿರಿಯಡ್ ಮುಗಿಯಿತು. ಹಾಳೆ ನೋಡಿಯೇ ಗಂಟೆ ಹೊಡೆಯುವ ಪ್ಯೂನ್ ಊಟದ ಗಂಟೆ ಹೊಡೆದ. ಸಮಯ ಹತ್ತೂ ಇಪ್ಪತ್ತು. ಮೇಷ್ಟ್ರುಗಳು ಗಡಿಯಾರ ನೋಡಿಕೊಂಡು ಏನಾದರೂ ಹೇಳುವ ಮೊದಲೇ ಎಂಟುನೂರು ಮಕ್ಕಳು ಡಬ್ಬಿ ಬಿಚ್ಚಿ ಆಗಿತ್ತು. ಆಮೇಲೆ ಸಂಜೆಯವರೆಗೂ ಬಿಡುವೇ ಇಲ್ಲದ ಪಿರಿಯಡ್ಡುಗಳು. ಎರಡು ಗಂಟೆಯ ಹೊತ್ತಿಗೆ ಇಡೀ ಶಾಲೆ ಹಸಿವಿನಿಂದ ಸೀಮೆಸುಣ್ಣವನ್ನೂ ಆಸೆಯಿಂದ ನೋಡುತ್ತಿತ್ತು.

ಹೆಡ್‌ಮಿಸ್ ಕರೆಸಿದರು. "ಹದಿನಾಲ್ಕು ವರ್ಷದಲ್ಲಿ ಹೀಗಾಗಿದ್ದಿಲ್ಲ. ಮೈ ಹುಷಾರಿಲ್ವಾ?"

"ಹಸಿವು ಮೇಡಂ."

ಹೆಡ್‌ಮಿಸ್ ಡ್ರಾಯರಿನಿಂದ ಒಂದು ಬಾಳೆಹಣ್ಣು ತೆಗೆದು ಮುಂದಿಟ್ಟರು. ಟೀಚರ್ ಅತ್ತೇಬಿಟ್ಟರು. ಅಳುತ್ತಲೇ ಸುಲಿದು ತಿಂದರು. ಇನ್ನೊಂದಿದ್ದರೆ ಅದನ್ನೂ ತಿನ್ನುತ್ತಿದ್ದರು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಗಂಡ ನಗು ತಡೆಯಲಾರದೆ ಬಚ್ಚಲಿಗೆ ಹೋದರು. ಅತ್ತೆ ನಗಲಿಲ್ಲ. ಫ್ರಿಜ್ಜಿನ ಮೇಲಿದ್ದ ಹಾಳೆ ಕಿತ್ತು, ತಿರುವಿ, ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ದಪ್ಪ ಅಕ್ಷರದಲ್ಲಿ ಬರೆದರು: ಬೆಳಿಗ್ಗೆ ನಡೆ. ಹಸಿದಾಗ ಉಣ್ಣು. ಹಸಿವಿಲ್ಲದಾಗ ಡಬ್ಬಿ ಮುಚ್ಚು. ಭಾನುವಾರ ಒಂದು ಬನ್ನು, ನನಗೂ.

"ಊಟ ಬಲ್ಲವನಿಗೆ ರೋಗವಿಲ್ಲ ಅಂದ್ರು. ಊಟ ಬಿಟ್ಟವನಿಗೆ ಅಂತ ಯಾರೂ ಅನ್ಲಿಲ್ಲ" ಎಂದು ಪೆನ್ಸಿಲ್ ಕೆಳಗಿಟ್ಟರು.

ಮರುದಿನ ನಡೆಯುವಾಗ ಅತ್ತೆ ತಾವಾಗಿಯೇ ಹಳೆಯ ಮಾತು ತೆಗೆದರು. ಮದುವೆಯಾಗಿ ಬಂದಾಗ ಅವರು ಕಡ್ಡಿಯಂತಿದ್ದರಂತೆ. ಗಾಳಿಗೆ ಹಾರಿ ಹೋಗ್ತಾಳೆ ಎಂದು ಅವರ ಅತ್ತೆ ದಿನವೂ ಎದುರಿಗೆ ಕೂತು ಎರಡು ಸಲ ಬಡಿಸುತ್ತಿದ್ದರಂತೆ. "ಆಗ ಸಣ್ಣ ಅಂತ ಬೈದ್ರು. ಮಗ ಹುಟ್ಟಿದ ಮೇಲೆ ದಪ್ಪ ಅಂದ್ರು. ಸರಿಯಾಗಿದೀಯ ಅಂತ ಯಾವತ್ತು ಅಂದ್ರು ಅಂತ ನೆನಪೇ ಇಲ್ಲ ಕಣೇ."

ಟೀಚರ್ ಹೆಜ್ಜೆ ನಿಧಾನಿಸಿದರು. "ನೀವು ಸರಿಯಾಗೇ ಇದೀರಿ, ಅತ್ತೆ" ಎಂದರು.

"ಈಗ ಹೇಳಿ ಏನುಪಯೋಗ? ಬೇಗ ನಡಿ" ಎಂದರು ಅತ್ತೆ. ಆದರೆ ಆ ದಿನ ಮೊಣಕೈ ಹಿಡಿದದ್ದನ್ನು ಬೇಕರಿ ದಾಟಿದ ಮೇಲೂ ಬಿಡಲಿಲ್ಲ.

ಆರು ತಿಂಗಳಲ್ಲಿ ಟೀಚರ್ ನಾಲ್ಕು ಕಿಲೋ ಇಳಿದರು, ಅತ್ತೆ ಆರು. ಇದು ನ್ಯಾಯವಲ್ಲ ಎಂದು ಟೀಚರ್ ಈಗಲೂ ವಾದಿಸುತ್ತಾರೆ.

ಚಳಿಗಾಲದಲ್ಲಿ ಅತ್ತೆ ಜ್ವರ ಹಿಡಿದು ಒಂಬತ್ತು ದಿನ ಮಲಗಿದರು. ಟೀಚರ್ ಒಬ್ಬರೇ ಹೊರಟರು. ವಾಪಸು ಬಂದು ಮಾತ್ರೆ ಕೊಡಲು ಹೋದರೆ ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ ಕೇಳಿದರು. "ಹಾಲಿನವನ ಮಗಳ ರಿಸಲ್ಟ್ ಏನಾಯ್ತು? ಮೂಲೆಮನೆಯ ಅಜ್ಜ ಹಲ್ಲು ಕಟ್ಟಿಸಿಕೊಂಡ್ರಾ?"

"ಕೇಳ್ಲಿಲ್ಲ ಅತ್ತೆ."

"ಮತ್ತೆ ಇಷ್ಟು ಹೊತ್ತು ಏನು ಮಾಡ್ದೆ?"

ಮರುದಿನದಿಂದ ಟೀಚರ್ ಎಲ್ಲರ ಮುಂದೆಯೂ ನಿಂತು ಎಲ್ಲವನ್ನೂ ವಿಚಾರಿಸಿಕೊಂಡು ಬರತೊಡಗಿದರು. ನಲವತ್ತು ನಿಮಿಷದ ದಾರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಅದೆಲ್ಲವನ್ನೂ ಅತ್ತೆಗೆ ಒಪ್ಪಿಸಿ ಹೊರಡುವಷ್ಟರಲ್ಲಿ ಹೊತ್ತು ಮೀರಿ, ಉಳಿದ ಎಂಟು ದಿನವೂ ಟೈಮ್‌ಟೇಬಲ್ ಟೀಚರ್ ಶಾಲೆಗೆ ತಡವಾಗಿ ಹೋದರು.