ಕಾಕಾರ ಕೊನೆಯ ಪಾಠವೂ ನನ್ನ ಓದುಗರೂ

ನನ್ನ ಪುಸ್ತಕ ಓದಿದವರ ಮೇಲೆ ನನಗೆ ಬಂದಷ್ಟು ಸಿಟ್ಟು ಓದದವರ ಮೇಲೆ ಎಂದೂ ಬರಲಿಲ್ಲ. ಓದದವರು, ಪಾಪ, ಏನನ್ನೂ ಕೆಡಿಸಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬೈಲಹೊಂಗಲದ ಪೇಟೆಯಲ್ಲಿ ಒಂದು ಹತ್ತಿ ಅಡತಿ ಅಂಗಡಿಯ ಗುಮಾಸ್ತ. ಹತ್ತಿಯನ್ನು ಮುಟ್ಟಿ ನೋಡಿ ಅದರ ಯೋಗ್ಯತೆ ಹೇಳುವ ಹಿರಿಯರೊಬ್ಬರು ಆ ಅಂಗಡಿಯಲ್ಲಿದ್ದರು. ಪೇಟೆಗೆಲ್ಲ ಅವರು ಕಾಕಾ. ನನಗೆ ಕೆಲಸ ಕಲಿಸಿದವರೂ ಅವರೇ, ಬೈದು ಕಲಿಸಿದರು. ಹತ್ತಿ ತುಂಬಿದ ದೊಡ್ಡ ಚೀಲಕ್ಕೆ ನಮ್ಮ ಕಡೆ ಅಂಡಗಿ ಎನ್ನುತ್ತಾರೆ. ಮೇಲೆ ಬೆಳ್ಳನೆಯ ಹತ್ತಿ ಇದ್ದು ಅಡಿಯಲ್ಲಿ ಕಸಕಡ್ಡಿ ಇರುವುದು, ನೀರು ಚಿಮುಕಿಸಿದ್ದು ಇರುವುದು ಮಾಮೂಲು. ಹೊರಗೆ ಬಸಪ್ಪ, ಒಳಗೆ ವಿಷಪ್ಪ. ಅದಕ್ಕೇ ಕಾಕಾ ಯಾವ ಅಂಡಗಿಯನ್ನೂ ಹೊರಳಿಸದೆ ಬಿಡುತ್ತಿರಲಿಲ್ಲ. ಆದರೆ ರೈತನ ಎದುರಿಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ವಸ್ತ್ರದ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದ ಕಾಲದವರು ಅವರು. ಮಾರ್ಕೆಟ್ ಕಮಿಟಿ ಬಂದು ಆ ಪದ್ಧತಿ ನಿಂತರೂ ಕೈಯ ಚಾಳಿ ಹೋಗಿರಲಿಲ್ಲ. ಮೆಲ್ಲಗೆ ನನ್ನ ಕೈ ಹಿಡಿದು ಅಂಗೈಯನ್ನು ಮೇಲು ಕೆಳಗು ಮಾಡುವರು. ಹೊರಳಿಸು ಎಂದು ಅರ್ಥ. ನಾನು ಎದ್ದು ಹೊರಳಿಸುತ್ತಿದ್ದೆ.

ಕಾಕಾರಿಗೆ ಲಕ್ವ ಹೊಡೆಯಿತು. ಯರಗಟ್ಟಿಯ ಮನೆಯಲ್ಲಿ ಹಾಸಿಗೆ ಹಿಡಿದರು. ನಾನು ಪ್ರತಿ ರವಿವಾರ ಬಸ್ಸು ಹತ್ತಿ ಹೋಗುತ್ತಿದ್ದೆ, ಕೈಯಲ್ಲಿ ಒಂದು ನೋಟ್‌ಬುಕ್ಕು. ತೊದಲುತ್ತಲಾದರೂ ಮಾತಾಡುತ್ತಿದ್ದಷ್ಟು ದಿನ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಕೊನೆಯ ತಿಂಗಳು ಮಾತು ಪೂರ್ತಿ ನಿಂತಿತು. ಕೊನೆಯ ರವಿವಾರ ಅವರು ಕೌದಿಯ ಕೆಳಗೆ ನನ್ನ ಕೈ ಹಿಡಿದು ಅಂಗೈಯನ್ನು ಮೇಲು ಮಾಡಿದರು, ಕೆಳಗು ಮಾಡಿದರು, ಮತ್ತೆ ಮೇಲು ಮಾಡಿದರು. ಆ ವಾರವೇ ತೀರಿಕೊಂಡರು. ನಾನು ಪುಸ್ತಕ ಬರೆದೆ. ಅದರ ಕೊನೆಯ ಪ್ರಕರಣದಲ್ಲಿ, ಮೇಲಿದ್ದದ್ದು ಕೆಳಗಾಗುತ್ತದೆ, ಕೆಳಗಿದ್ದದ್ದು ಮೇಲಾಗುತ್ತದೆ, ಇದೇ ಅವರು ಮಾತಿಲ್ಲದೆ ಹೇಳಿದ ಕೊನೆಯ ಪಾಠ ಎಂದು ಬರೆದೆ. 'ಬಸ್ಸಿನ ಹೊತ್ತಾದರೂ ಅವರು ನನ್ನ ಕೈ ಬಿಡಲಿಲ್ಲ' ಎಂದು ಮುಗಿಸಿದೆ. ಬರೆದ ದಿನ ನನ್ನ ಬಗ್ಗೆ ನನಗೇ ಬಹಳ ಅಭಿಮಾನ ಬಂದಿತ್ತು.

ಬೈಲಹೊಂಗಲದಲ್ಲಿ ಲಗ್ನಪತ್ರಿಕೆ ಹಾಕುವ ಪ್ರೆಸ್ಸಿನವರೇ ಅದನ್ನು ಅಚ್ಚು ಹಾಕಿದರು. ನೋಡುನೋಡುತ್ತಿದ್ದಂತೆ ಟಪಾಲಿನಲ್ಲಿ ಓದುಗರ ಕಾರ್ಡುಗಳು ಬರತೊಡಗಿದವು. ಕಿತ್ತೂರಿನ ಮಾಸ್ತರರೊಬ್ಬರು ಪುಸ್ತಕದೊಳಗಿನ ಹಿತನುಡಿಗಳನ್ನು ದಿನಕ್ಕೊಂದರಂತೆ ಸಾಲೆಯ ಬೋರ್ಡಿನ ಮೇಲೆ ಬರೆಸುತ್ತಿದ್ದಾರಂತೆ. ಯಾವ ಹಿತನುಡಿ ಎಂದು ನೋಡಿದರೆ, 'ಕಸ ಇದ್ದ ಹತ್ತಿ ಕೈಗೇ ಹೇಳುತ್ತದೆ.' ದುಷ್ಟನ ಸಹವಾಸ ಮುಚ್ಚಿಡಲಾಗದು ಎಂಬುದು ಅದರ ಒಳಾರ್ಥವಂತೆ. ಅದಕ್ಕೆ ಒಳಾರ್ಥವೇ ಇಲ್ಲ ಮಾರಾಯರೆ, ಕಾಕಾ ಕಸ ಇದ್ದ ಹತ್ತಿಯ ಬಗ್ಗೆ ಹೇಳಿದ್ದು, ತಂಬಾಕು ಉಗುಳಿ ಹೇಳಿದ್ದು. ರಾಮದುರ್ಗದಿಂದ ನೇಕಾರ ಹಿರಿಯರೊಬ್ಬರು ಬರೆದರು: ಮೇಲಾದ ಅಂಗೈ ಬೇಡುವ ಕೈ, ಕೆಳಗಾದ ಅಂಗೈ ಕೊಡುವ ಕೈ, ನೀವು ಅರ್ಥ ಬಿಡಿಸಿದ್ದು ಸಾಲದು. ಸವದತ್ತಿಯ ವಕೀಲರ ಕಾರಕೂನರೊಬ್ಬರಿಗೆ ಪುಸ್ತಕದೊಳಗಿನ ಕಾಕಾರ ಬೈಗುಳಗಳೇ ಸೇರಲಿಲ್ಲ. ಇಂಥ ಸಂತರ ಬಾಯಲ್ಲಿ ಅಂಥ ಶಬ್ದ ಹಾಕಲು ನಿಮಗೆ ಕೈಯಾದರೂ ಹೇಗೆ ಬಂತು ಎಂದು ಕೇಳಿದ್ದರು.

ಸಂತರಂತೆ! ಊರಿನ ಅರ್ಧ ದಲಾಲರ ಜೊತೆ ಮಾತು ಬಿಟ್ಟಿದ್ದ ಮನುಷ್ಯ. ಹತ್ತಿಯ ಎಳೆಯನ್ನು ಎರಡು ಹೆಬ್ಬೆರಳ ನಡುವೆ ಎಳೆದು, ಹರಿದ ಸದ್ದು ಕೇಳಿ ಯಾವ ಹೊಲದ್ದೆಂದು ಹೇಳುತ್ತಿದ್ದವರು. ಆ ಎಳೆಯ ಬಗ್ಗೆ ಐದು ಪ್ರಕರಣ ಬರೆದಿದ್ದೆ. ಒಂದು ಕಾರ್ಡಿನಲ್ಲೂ ಅದರ ಸುದ್ದಿ ಇಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದೆ ಎಂದು ಹೆಂಡತಿಯ ಮುಂದೆ ಕೂಗಾಡುತ್ತಿದ್ದೆ. ಕಾರ್ಡುಗಳನ್ನು ಜತನವಾಗಿ ತಂತಿಗೆ ಚುಚ್ಚಿ ಇಡುತ್ತಲೂ ಇದ್ದೆ.

ಹತ್ತಿಯ ಪ್ರಕರಣ ಓದಿದ ಒಬ್ಬನೇ ಒಬ್ಬ ಓದುಗ ಸಂಗೊಳ್ಳಿಯ ರೈತ. ಅವನು ಕಾರ್ಡು ಬರೆಯಲಿಲ್ಲ, ಜಗಳಕ್ಕೆ ಸೀದಾ ಅಂಗಡಿಗೆ ಬಂದ.

"ಪುಸ್ತಕ ಬರದವ್ರು ನೀವ ಏನ್ರಿ? ರೈತರು ಹತ್ತಿಗೆ ನೀರ ಹೊಡಿತಾರ ಅಂತ ಬರದೀರಿ. ತಕ್ಕಡ್ಯಾಗ ಹೊಡಿಯಾವ್ರ ಬಗ್ಗೆ ಯಾಕ ಬರೀಲಿಲ್ಲ?"

ನನಗೆ ಎಷ್ಟು ಸಂತೋಷವಾಯಿತೆಂದರೆ ಕೂಡಿಸಿ ಚಹಾ ತರಿಸಿದೆ. ಅವನು ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತ ತಣ್ಣಗಾದ. ಏಳುವಾಗ ಕೇಳಿದ:

"ಅದಿರಲ್ರಿ, ಆ ತಾಯಿ ಎಣ್ಣಿ ಬಟ್ಲಾ ಹಿಡ್ಕೊಂಡು ಬಾಗಲದಾಗ ಯಾಕ ನಿಂತಿದ್ಲು? ಅದನ್ನ ನೀವು ಬರೀಲೇ ಇಲ್ಲ."

ಕೊನೆಯ ಪ್ರಕರಣದ ಒಂದು ಸಾಲು ಅದು. ಕಾಕಾ ನನ್ನ ಕೈ ಹಿಡಿದಿದ್ದಾಗ ಅವರ ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಿಗೆ ಬಂದರು, ನಾನು ಕೈಸನ್ನೆ ಮಾಡಿ ತಡೆದೆ, ಅಂಥ ಗಳಿಗೆ ಅದು ಎಂದು ಬರೆದಿದ್ದೆ. ಏನೋ ಮನೆಗೆಲಸ ಇರಬೇಕು ಎಂದೆ.

"ನಮ್ಮವ್ವ ಎರಡ ವರ್ಷ ಹಾಸಿಗಿ ಹಿಡದಿದ್ಲರಿ. ಅದಕ್ಕ ಕೇಳಿದೆ," ಎಂದು ಹೇಳಿ ಅವನು ಹೋದ.

ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಉಳಿಯಿತು. ಮುಂದಿನ ರವಿವಾರ ಯರಗಟ್ಟಿಗೆ ಹೋದೆ. ಕಾಕಾರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ; ಪುಸ್ತಕ ಬಂದ ಮೇಲೆ ಅವರನ್ನು ನೋಡಲು ಹೋದದ್ದು ಅದೇ ಮೊದಲು. ಓದಲು ಬಾರದವರಿಗೆ ಒಂದು ಪ್ರತಿ ಟಪಾಲಿನಲ್ಲಿ ಕಳಿಸಿ ಕೈ ತೊಳೆದುಕೊಂಡಿದ್ದೆ.

ಕಾಕು ಜೋಳ ಹಸನು ಮಾಡುತ್ತಿದ್ದರು. "ಬಾ ತಮ್ಮಾ, ಕುಂಡ್ರು. ಬಾಜೂ ಮನಿ ಟೀಚರಬಾಯಿ ನಿನ್ನ ಪುಸ್ತಕ ಓದಿ ಹೇಳಿದ್ಲು. ಚಂದ ಬರದಿ," ಎಂದರು.

"ಕಾಕು, ಆ ದಿನ ಎಣ್ಣಿ ಬಟ್ಲಾ ಯಾಕ ತಂದಿದ್ರಿ?"

ಮೊರದಿಂದ ಕಣ್ಣೆತ್ತದೆ ಹೇಳಿದರು. "ಬೆನ್ನಿಗೆ ಹುಣ್ಣಾಗಿದ್ವಲ್ಲೋ. ತಾಸಿಗೊಮ್ಮಿ ಮಗ್ಗಲ ಬದಲಿ ಮಾಡಿ ಎಣ್ಣಿ ಹಚ್ಚತಿದ್ದೆ. ಅದಕ್ಕ ಬಂದಿದ್ದೆ. ನೀ ಕೈ ಮಾಡಿ ಬ್ಯಾಡ ಅಂದಿ. ಏನೋ ಶಾಣ್ಯಾರ ಮಾತ ನಡದೈತಿ ಅಂತ ಒಳಗ ಹ್ವಾದೆ."

"ಮತ್ತ ಅವರು ನನ್ನ ಕೈ ಮ್ಯಾಲ ಕೆಳಗ..."

"ನನಗೂ ದಿನಾ ಹಂಗ ಮಾಡತಿದ್ರು, ಮಾತ ನಿಂತ ಮ್ಯಾಲ. ಹೊರಳಿಸು ಅಂತ. ಅದು ನಿನಗ ಗೊತ್ತಿರಬೇಕಲ್ಲ ತಮ್ಮಾ, ಪ್ಯಾಟ್ಯಾಗ ನಿನಗ ಕಲಿಸಿದ್ದ ಅದು."

ಗೊತ್ತಿತ್ತು. ಮೊದಲನೆಯ ಪ್ರಕರಣದಲ್ಲಿ ನಾನೇ ಬರೆದಿದ್ದೆ. ಸಾವಿರ ಸಲ ಆ ಸನ್ನೆಗೆ ಎದ್ದು ಅಂಡಗಿ ಹೊರಳಿಸಿದವನು, ಪುಸ್ತಕಕ್ಕೆ ಒಂದು ದೊಡ್ಡ ಮಾತು ಬೇಕೆಂದು ಹಟ ಹಿಡಿದು ಕೂತಿದ್ದೆ. ನಾಚಿಕೆಯಿಂದ ಕಾಕುವಿನ ಮುಖ ನೋಡಲಾಗಲಿಲ್ಲ. ಆಗಲೇ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಅವರದೇ ತಪ್ಪೆನ್ನುವ ಹಾಗೆ.

"ನೀ ಹ್ವಾದ ಮ್ಯಾಲ ಹೊರಳಿಸಿದೆ. ಅಂಗಿ ಬೆನ್ನಿಗೆ ಅಂಟಿ ಕುಂತಿತ್ತು, ನೀರ ಹಚ್ಚಿ ಬಿಡಿಸಿದೆ," ಎಂದರು. ಅಷ್ಟು ಹೇಳಿ ಚಹಾಕ್ಕೆ ಎದ್ದರು.

ಮರುದಿನವೇ ಪ್ರೆಸ್ಸಿಗೆ ಹೋದೆ. ಎರಡನೆಯ ಮುದ್ರಣಕ್ಕೆ ತಯಾರಿ ನಡೆದಿತ್ತು. ಕೊನೆಯ ಪ್ರಕರಣ ಬದಲಾಗಬೇಕು ಎಂದೆ. ಮಾಲೀಕರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮಂದಿ ಆ ಪ್ರಕರಣಕ್ಕನ ಪುಸ್ತಕ ಒಯ್ತಾರ್ರಿ. ಅದನ್ನ ತಗದ್ರ ಉಳಿಯೂದು ಹತ್ತಿ. ಬೈಲಹೊಂಗಲದಾಗ ಹತ್ತಿ ಬಗ್ಗೆ ಓದಾವ್ರು ಯಾರದಾರ್ರಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ತಂತಿಯಿಂದ ಕಾರ್ಡುಗಳನ್ನು ಬಿಚ್ಚಿ, ಬರೆದವರಿಗೆಲ್ಲ ನಾನೇ ಒಂದೊಂದು ಕಾರ್ಡು ಬರೆದೆ. ಕಾಕಾ ಪಾಠ ಹೇಳಲಿಲ್ಲ, ಬೆನ್ನು ಉರಿಯುತ್ತಿತ್ತು, ಮಗ್ಗಲು ಹೊರಳಿಸು ಎಂದರು, ನಾನು ಹೊರಳಿಸಲಿಲ್ಲ. ಇಷ್ಟೇ ಒಕ್ಕಣೆ. ಇನ್ನಾದರೂ ಇವರ ಬಾಯಿ ಮುಚ್ಚೀತು ಎಂದುಕೊಂಡೆ.

ರಾಮದುರ್ಗದ ಹಿರಿಯರು, ಇಂಥ ಸಣ್ಣ ಮಾತು ತಿಳಿಸಿ ನಮ್ಮ ಮನಸ್ಸನ್ನೇಕೆ ಕೆಡಿಸಿದಿರಿ ಎಂದು ಬರೆದರು. ಸವದತ್ತಿಯವರು, ಅದು ಹೇಗಾದರೂ ಇರಲಿ, ಬೈಗುಳ ತೆಗೆಯಿರಿ ಎಂದರು. ಕಿತ್ತೂರಿನ ಮಾಸ್ತರರಂತೂ ಕಾರ್ಡು ಸಾಲದೆ ಇನ್‌ಲ್ಯಾಂಡ್ ಪತ್ರ ತುಂಬಿದ್ದರು: 'ಮಗ್ಗಲು ಬದಲಿಸುವುದೆಂದರೆ ಜನ್ಮ ಬದಲಿಸುವುದು. ಮಹಾತ್ಮರು ಅದನ್ನು ಎಷ್ಟು ಸರಳವಾಗಿ ಸೂಚಿಸಿದರು! ನಾಳೆ ಬೋರ್ಡಿನ ಮೇಲೆ ಇದನ್ನೇ ಬರೆಸುತ್ತೇನೆ.' ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ. ಪತ್ರವನ್ನು ಹರಿದು ಒಲೆಗೆ ಹಾಕಿದೆ. ಸಿಟ್ಟು ಇಳಿಯಲಿಲ್ಲ. ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಓದುವ ವಿದ್ಯೆ ಇವರಿಗೆ ಕಲಿಸಿದವರು ಯಾರು? ಆ ಕೊನೆಯ ಪ್ರಕರಣ ಬರೆದವನು ನಾನೇ ಅಲ್ಲವೆ?

ಎರಡನೆಯ ಮುದ್ರಣ ಹಾಗೆಯೇ ಬಂತು. ಈಗಲೂ ಯಾರಾದರೂ ಎದುರಾಗಿ, ಕಣ್ಣು ಒದ್ದೆ ಮಾಡಿಕೊಂಡು, ಅದರ ಕೊನೆಯ ಸಾಲನ್ನು ನನಗೇ ಒಪ್ಪಿಸುತ್ತಾರೆ. ಬಸ್ಸಿನ ಹೊತ್ತಾದರೂ ಅವರು ನನ್ನ ಕೈ ಬಿಡಲಿಲ್ಲ. ಇಡೀ ಪ್ರಕರಣದಲ್ಲಿ ನಿಜವಾದ ಸಾಲು ಅದೊಂದೇ. ಅವರು ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನೋಟ್‌ಬುಕ್ಕು ತೆಗೆದುಕೊಂಡು, ಬಸ್ಸಿಗೆ ಎದ್ದವನು ನಾನು.